ಕೊನೆ ಚೆನ್ನಾಗಿದ್ದರೆ ಸಾಕೆ?

ವರ್ಷಗಟ್ಟಲೆ ನಡೆಯುವ ಸೂಪರ್‌ಹೀರೋ ಕಾಮಿಕ್ಸ್‌ಗಳ ಬಗ್ಗೆ ಒಂದು ಮಾತು ಈಗ ಹೆಚ್ಚುಕಡಿಮೆ ಪ್ರಶ್ನಾತೀತವಾಗಿದೆ. ಆರು ತಿಂಗಳಾದರೂ ಪೀಠಿಕೆಯೇ ಮುಗಿದಿಲ್ಲ, ಸುಮ್ಮನೆ ಎಳೆಯುತ್ತಿದ್ದಾರೆ ಎಂದು ಯಾರಾದರೂ ಗೊಣಗಿದರೆ ಬಲ್ಲವರು ಕೊಡುವ ಉತ್ತರ ಒಂದೇ: ತಾಳ್ಮೆಯಿರಲಿ, ಎಲ್ಲ ಎಳೆಗಳೂ ಕೊನೆಗೆ ಕೂಡುತ್ತವೆ, ಆಗ ಈ ನಿಧಾನದ ಮರ್ಮ ತಿಳಿಯುತ್ತದೆ. ಗೊಣಗುವವನು ಅವಸರದವನು, ಪುಟಕ್ಕೊಂದು ಹೊಡೆದಾಟ ಬೇಡುವವನು, ಕಾಯುವವನು ರಸಿಕ. ಕೇಳಲು ಪ್ರೌಢವಾಗಿರುವ ಈ ವಿಂಗಡಣೆಯೊಳಗೆ ಒಂದಕ್ಕೊಂದು ಸಂಬಂಧವಿಲ್ಲದ ಕೆಲವು ಸಂಗತಿಗಳು ಗಂಟುಬಿದ್ದಿವೆ. ಕತೆಯ ಗತಿ ಬೇರೆ, ಕತೆ ಕೈಗೆ ಸಿಗುವ ಗತಿ ಬೇರೆ. ಮುಗಿದ ಕೃತಿಯ ಗುಣ ಬೇರೆ, ದುಡ್ಡು ಕೊಟ್ಟು ಕೊಂಡ ಸಂಚಿಕೆಯ ಗುಣ ಬೇರೆ. ಇವನ್ನೆಲ್ಲ ಒಂದೇ ಎಂದು ಭಾವಿಸಿದಾಗ ಓದುಗನ ನ್ಯಾಯವಾದ ತಕರಾರು ಕೂಡ ಅವನ ಸ್ವಭಾವದ ದೋಷವಾಗಿ ಕಾಣತೊಡಗುತ್ತದೆ.

ಮೊದಲು ಆ ವಾದಕ್ಕೆ ಸಲ್ಲಬೇಕಾದ ನ್ಯಾಯ ಸಲ್ಲಲಿ. 1962ರಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ 'ಅಮೇಜಿಂಗ್ ಫ್ಯಾಂಟಸಿ'ಯ 15ನೇ ಸಂಚಿಕೆಯಲ್ಲಿ ಸ್ಪೈಡರ್‌ಮ್ಯಾನ್‌ನನ್ನು ಹುಟ್ಟಿಸಿದಾಗ ಅವರಿಗೆ ಬೇಕಾದದ್ದು 11 ಪುಟ. ಜೇಡ ಕಚ್ಚಿದ್ದು, ಶಕ್ತಿ ಬಂದದ್ದು, ಆ ಶಕ್ತಿಯಿಂದ ಹೆಸರು ಮಾಡಿದ್ದು, ಓಡುತ್ತಿದ್ದ ಕಳ್ಳನನ್ನು ತಡೆಯದೆ ಬಿಟ್ಟದ್ದು, ಅದೇ ಕಳ್ಳನಿಂದ ದೊಡ್ಡಪ್ಪ ಬೆನ್ ಸತ್ತದ್ದು, ಎಲ್ಲವೂ ಅಷ್ಟರಲ್ಲೇ ಮುಗಿಯಿತು. 2000ದಲ್ಲಿ ಬ್ರಯನ್ ಮೈಕೆಲ್ ಬೆಂಡಿಸ್ ಮತ್ತು ಮಾರ್ಕ್ ಬ್ಯಾಗ್ಲಿ ಅದೇ ಕತೆಯನ್ನು 'ಅಲ್ಟಿಮೇಟ್ ಸ್ಪೈಡರ್‌ಮ್ಯಾನ್' ಸರಣಿಗಾಗಿ ಮರಳಿ ಹೇಳಿದಾಗ ಏಳು ಸಂಚಿಕೆ ಬೇಕಾಯಿತು. ಹಳೆಯ ಕತೆಯಲ್ಲಿ ಬೆನ್ ಸಾಯುವುದಕ್ಕೆಂದೇ ಬಂದ ಮನುಷ್ಯ. ಹೊಸದರಲ್ಲಿ ಅವನು ಮಾತಾಡುತ್ತಾನೆ, ಹುಡುಗನ ಜೊತೆ ಜಗಳವಾಡುತ್ತಾನೆ, ಕಾಣದಾದ ಹುಡುಗನಿಗಾಗಿ ಚಡಪಡಿಸುತ್ತಾನೆ. ಸಾವು ಬಂದಾಗ ನಮಗೆ ಪರಿಚಯವಿದ್ದ ಒಬ್ಬ ಸತ್ತ ಎನ್ನಿಸುತ್ತದೆ. ಇದು ಜೊಳ್ಳು ತುಂಬಿ ಉದ್ದ ಮಾಡಿದ್ದಲ್ಲ. ನಿಧಾನವನ್ನು ಸಮರ್ಥಿಸುವವರ ಮೂಲ ಒಳನೋಟ ಇಲ್ಲಿ ನಿಜವಾಗಿದೆ: ಘಟನೆ ಎಷ್ಟು ದೊಡ್ಡದು ಎನ್ನುವುದು ಅದಕ್ಕೆ ಮುಂಚೆ ನಾವು ಯಾರೊಡನೆ ಎಷ್ಟು ಕಾಲ ಕಳೆದಿದ್ದೇವೆ ಎಂಬುದರ ಮೇಲೆ ನಿಂತಿದೆ.

ಈ ಪಕ್ಷದ ಬಲವಾದ ಸಾಕ್ಷಿ ಮಾತ್ರ ಸ್ಪೈಡರ್‌ಮ್ಯಾನ್ ಅಲ್ಲ, ಜೊನಾಥನ್ ಹಿಕ್‌ಮನ್ ಬರೆದ 'ಅವೆಂಜರ್ಸ್' ಮತ್ತು 'ನ್ಯೂ ಅವೆಂಜರ್ಸ್'. ಮೊದಲನೆಯದು 2012ರ ಡಿಸೆಂಬರ್‌ನಲ್ಲಿ, ಎರಡನೆಯದು ಮರುತಿಂಗಳು ಆರಂಭವಾಗಿ, ಎರಡೂ 2015ರ ಏಪ್ರಿಲ್‌ನಲ್ಲಿ ಮುಗಿದವು. ಒಂದರಲ್ಲಿ 44, ಇನ್ನೊಂದರಲ್ಲಿ 33 ಸಂಚಿಕೆ. ನಡುವೆ 'ಇನ್ಫಿನಿಟಿ' ಎಂಬ ಆರು ಸಂಚಿಕೆಗಳ ಮಹಾಯುದ್ಧ, ಕಡೆಯಲ್ಲಿ 'ಸೀಕ್ರೆಟ್ ವಾರ್ಸ್' ಎಂಬ ಒಂಬತ್ತು ಸಂಚಿಕೆಗಳ ಸಮಾಪ್ತಿ. ಕತೆಯ ಬೀಜ ಸರಳ. ಬೇರೆ ಬೇರೆ ಬ್ರಹ್ಮಾಂಡಗಳ ಭೂಮಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯಲು ಬರುತ್ತಿವೆ. ಎಂಟು ಗಂಟೆಯೊಳಗೆ ಒಂದು ಭೂಮಿ ನಾಶವಾಗದಿದ್ದರೆ ಎರಡೂ ಬ್ರಹ್ಮಾಂಡ ಅಳಿಯುತ್ತವೆ. ನಮ್ಮದನ್ನು ಉಳಿಸಲು ಇನ್ನೊಂದನ್ನು, ಅದರ ಕೋಟ್ಯಂತರ ಜನರ ಸಮೇತ, ಸುಡಬಹುದೇ? ಟೋನಿ ಸ್ಟಾರ್ಕ್, ರೀಡ್ ರಿಚರ್ಡ್ಸ್, ಬ್ಲ್ಯಾಕ್ ಪ್ಯಾಂಥರ್, ನೇಮರ್ ಮೊದಲಾದ ಕೆಲವರು ಗುಟ್ಟಾಗಿ ಕೂತು ಈ ಪ್ರಶ್ನೆಯೊಡನೆ ಹೆಣಗುತ್ತಾರೆ. ಈ ಕತೆಯನ್ನು ಒಟ್ಟಾಗಿ, ದಪ್ಪ ಸಂಪುಟಗಳಲ್ಲಿ ಓದಿದವರು ಅದರ ಕಟ್ಟಡವನ್ನು ಮೆಚ್ಚದೆ ಇರುವುದು ಕಷ್ಟ. ಹೊರಬರುತ್ತಿದ್ದಾಗ ಕೇಳಿಬಂದ ದೂರುಗಳೆಲ್ಲ ಈಗ ಅಲ್ಪವೆನಿಸುತ್ತವೆ. ಆದ್ದರಿಂದ ದೂರಿದವರು ತಪ್ಪಾಗಿದ್ದರು, ಕಾದವರು ಗೆದ್ದರು ಎನ್ನುವುದು ತೀರ್ಮಾನ.

ಈ ತೀರ್ಮಾನಕ್ಕೆ ಒಪ್ಪುವ ಮುನ್ನ ಅದೇ ಲೇಖಕನ ಇನ್ನೊಂದು ಕೆಲಸವನ್ನು ಪಕ್ಕದಲ್ಲಿಟ್ಟು ನೋಡಬೇಕು. 2019ರ ಜುಲೈಯಿಂದ ಅಕ್ಟೋಬರ್‌ವರೆಗೆ ಹಿಕ್‌ಮನ್ ಎಕ್ಸ್-ಮೆನ್ ಲೋಕವನ್ನು 'ಹೌಸ್ ಆಫ್ ಎಕ್ಸ್', 'ಪವರ್ಸ್ ಆಫ್ ಎಕ್ಸ್' ಎಂಬ ಎರಡು ಹೆಣೆದುಕೊಂಡ ಕಿರುಸರಣಿಗಳಲ್ಲಿ ಹೊಸದಾಗಿ ಕಟ್ಟಿದ. ಒಟ್ಟು 12 ಸಂಚಿಕೆ, ವಾರಕ್ಕೊಂದರಂತೆ. ಅಲ್ಲಿಯೂ ನಕ್ಷೆಗಳು, ಕೋಷ್ಟಕಗಳು, ಸಾವಿರ ವರ್ಷದ ಆಚೆಗೆ ಜಿಗಿಯುವ ಕಾಲ, ಅರ್ಥವಾಗದ ಹೆಸರುಗಳು ಎಲ್ಲ ಇದ್ದವು. ಹೊಡೆದಾಟ ವಿರಳ, ಸಭೆಗಳು ಹೇರಳ. ಪುಟಪುಟವಾಗಿ ತೂಗಿದರೆ ಅವೆಂಜರ್ಸ್ ಕತೆಯಷ್ಟೇ ಪೀಠಿಕೆ ಇಲ್ಲಿಯೂ ಇದೆ. ಆದರೂ ಎಳೆಯುತ್ತಿದ್ದಾರೆ ಎಂಬ ದೂರು ಇಲ್ಲಿ ಅಷ್ಟಾಗಿ ಏಳಲಿಲ್ಲ. ಮುಂದಿನ ಬುಧವಾರ ಯಾವಾಗ ಬರುತ್ತದೆ ಎನ್ನುವ ಉತ್ಸಾಹವೇ ಹೆಚ್ಚಿತ್ತು. ಓದುಗರು ಅವರೇ, ಲೇಖಕ ಅವನೇ, ಶೈಲಿಯೂ ಅದೇ. ಬದಲಾದದ್ದು ಎರಡು: ಕಂತುಗಳ ನಡುವಿನ ಅಂತರ, ಮತ್ತು ಒಟ್ಟು ಎಷ್ಟು ಕಂತು ಎಂಬುದು ಮೊದಲೇ ಗೊತ್ತಿದ್ದದ್ದು. ಹಾಗಾದರೆ ಓದುಗನ ಸಿಡಿಮಿಡಿಗೆ ಅವನ ತಾಳ್ಮೆಗೇಡಿತನ ಕಾರಣವೆಂದು ಹೇಳುವುದು ಹೇಗೆ? ಮೂರು ತಿಂಗಳೊಳಗೆ ಹನ್ನೆರಡು ಕಂತು ಓದಿದವನ ತಾಳ್ಮೆ ಹೆಚ್ಚಾಗಿ, ಎರಡೂವರೆ ವರ್ಷ ಓದಿದವನ ತಾಳ್ಮೆ ಕಡಿಮೆಯಾಗಿ ಇರುವುದಕ್ಕೆ ಸಾಧ್ಯವಿಲ್ಲ. ಇದ್ದರೆ ಅದು ತಿರುಗಾಮುರುಗಾ ಇರಬೇಕಿತ್ತು.

ಇನ್ನೂ ಹಳೆಯ ಒಂದು ಉದಾಹರಣೆ ಈ ಗೊಂದಲವನ್ನು ಮತ್ತಷ್ಟು ಬಿಡಿಸುತ್ತದೆ. ವಾಲ್ಟರ್ ಸೈಮನ್‌ಸನ್ 1983ರಲ್ಲಿ 'ಥಾರ್' ಸರಣಿಯನ್ನು 337ನೇ ಸಂಚಿಕೆಯಿಂದ ಕೈಗೆತ್ತಿಕೊಂಡು, ಮೊದಲ ಪುಟದಲ್ಲೇ ಬ್ರಹ್ಮಾಂಡದ ಯಾವುದೋ ಮೂಲೆಯಲ್ಲಿ ಯಾರೋ ಕುಲುಮೆಯಲ್ಲಿ ಏನೋ ಬಡಿಯುತ್ತಿರುವುದನ್ನು ತೋರಿಸಿದ. ಆ ಬಡಿತದ ಸದ್ದು ಮುಂದೆ ತಿಂಗಳುಗಟ್ಟಲೆ ಮತ್ತೆ ಮತ್ತೆ ಕೇಳಿಬಂತು, ಒಮ್ಮೆಗೆ ಒಂದು ಪುಟದಷ್ಟು ಮಾತ್ರ. ಬಡಿಯುತ್ತಿದ್ದವನು ಸರ್ಟರ್ ಎಂಬ ಅಗ್ನಿದೈತ್ಯ, ತಯಾರಾಗುತ್ತಿದ್ದದ್ದು ಅವನ ಖಡ್ಗ. ಅವನು ಬಂದಿಳಿದು ಯುದ್ಧ ಮುಗಿದದ್ದು 353ನೇ ಸಂಚಿಕೆಯಲ್ಲಿ, 1985ರಲ್ಲಿ. ಒಂದು ವರ್ಷಕ್ಕೂ ಮಿಕ್ಕ ಪೀಠಿಕೆ! ಆದರೂ ಇದನ್ನು ಯಾರೂ ನಿಧಾನದ ಕತೆ ಎಂದು ನೆನೆಯುವುದಿಲ್ಲ. ಯಾಕೆಂದರೆ ಉಳಿದ ಪುಟಗಳು ಖಾಲಿ ಕೂತಿರಲಿಲ್ಲ. ಕುದುರೆಮೊಗದ ಬೀಟಾ ರೇ ಬಿಲ್ ಥಾರ್‌ನ ಸುತ್ತಿಗೆಯನ್ನೇ ಎತ್ತಿಬಿಟ್ಟ ಕತೆ ನಾಲ್ಕು ಸಂಚಿಕೆಯಲ್ಲಿ ಶುರುವಾಗಿ ಮುಗಿಯಿತು. ಫಾಫ್ನಿರ್ ಎಂಬ ಘಟಸರ್ಪದ ಕತೆ ಬಂದು ಹೋಯಿತು. ಮಾಲೆಕಿತ್ ಮತ್ತು ಹಿಮಪೆಟ್ಟಿಗೆಯ ಕತೆ ಬೆಳೆಯಿತು. ಓದುಗ ಪ್ರತಿ ತಿಂಗಳು ಏನನ್ನೋ ಪಡೆದು ಮನೆಗೆ ಹೋದ, ಜೊತೆಗೆ ಬಡಿತದ ಸದ್ದನ್ನೂ ಕೇಳಿಸಿಕೊಂಡ. ಡಿಸಿ ಸಂಸ್ಥೆಯಲ್ಲಿ ಪಾಲ್ ಲೆವಿಟ್ಜ್ ಇದೇ ಕಸುಬನ್ನು ಒಂದು ಪದ್ಧತಿಯಾಗಿಯೇ ಮಾಡಿಕೊಂಡಿದ್ದ: ಮುಖ್ಯ ಕತೆಗೆ ಹೆಚ್ಚು ಪುಟ, ಎರಡನೆಯದಕ್ಕೆ ಕೆಲವು ಪುಟ, ಮೂರನೆಯದಕ್ಕೆ ಒಂದೆರಡು ಚೌಕ, ಮೊದಲನೆಯದು ಮುಗಿಯುತ್ತಿದ್ದಂತೆ ಎರಡನೆಯದಕ್ಕೆ ಬಡ್ತಿ. ಈ ಪದ್ಧತಿಯಲ್ಲಿ ಪೀಠಿಕೆ ಎಷ್ಟು ದೀರ್ಘವಾದರೂ ಭಾರವಾಗದು. ಭಾರವಾಗುವುದು ಸಂಚಿಕೆಯ ಇಪ್ಪತ್ತು ಪುಟಗಳನ್ನೂ ಪೀಠಿಕೆಯೇ ಆಕ್ರಮಿಸಿಕೊಂಡಾಗ.

ಇಲ್ಲಿ ಇನ್ನೊಂದು ಭೇದವನ್ನೂ ಗುರುತಿಸಬೇಕು. ಕಾಯಿಸುವುದೆಲ್ಲ ಒಂದೇ ಬಗೆಯದಲ್ಲ. ಯಾರಿಗೆ ಏನು ಗೊತ್ತು ಎಂಬುದರ ಮೇಲೆ ಕಾಯುವಿಕೆಯ ರುಚಿ ಬದಲಾಗುತ್ತದೆ.

1. ಓದುಗನಿಗೆ ಗೊತ್ತು, ಪಾತ್ರಕ್ಕೆ ಗೊತ್ತಿಲ್ಲ. 'ನ್ಯೂ ಅವೆಂಜರ್ಸ್'ನ ಆರಂಭದ ಮೂರು ಸಂಚಿಕೆಗಳಲ್ಲೇ, ಲೋಕನಾಶಕ್ಕೆ ಒಪ್ಪದ ಕ್ಯಾಪ್ಟನ್ ಅಮೆರಿಕನ ನೆನಪನ್ನು ಅವನ ಗೆಳೆಯರೇ ಅಳಿಸಿಹಾಕುತ್ತಾರೆ. ಅದು ಅವನಿಗೆ ಮರಳುವುದು 2014ರಲ್ಲಿ, 'ಅವೆಂಜರ್ಸ್'ನ 29ನೇ ಸಂಚಿಕೆಯಲ್ಲಿ. ಅಲ್ಲಿಯವರೆಗೆ ಟೋನಿ ಸ್ಟಾರ್ಕ್ ಅವನ ಪಕ್ಕದಲ್ಲಿ ನಿಂತು ಹೊಸ ತಂಡ ಕಟ್ಟುವ ಒಂದೊಂದು ದೃಶ್ಯವೂ ವಿಷ ಬೆರೆತ ದೃಶ್ಯ. ಇಬ್ಬರೂ ನಗುತ್ತಿರುವಾಗ ಓದುಗ ನಗಲಾರ. ಕತೆ ಮುಂದೆ ಹೋಗದಿದ್ದರೂ ಪ್ರತಿ ಪುಟದಲ್ಲಿ ಏನೋ ಆಗುತ್ತಿರುತ್ತದೆ.

2. ಇಬ್ಬರಿಗೂ ಗೊತ್ತಿಲ್ಲ. ಸರ್ಟರ್‌ನ ಕುಲುಮೆ ಇಂಥದ್ದು. ಕುತೂಹಲಕ್ಕೆ ಇಷ್ಟು ಸಾಕು, ಆದರೆ ಸಣ್ಣ ಪ್ರಮಾಣದಲ್ಲಿ.

3. ಪಾತ್ರಗಳಿಗೆ ಗೊತ್ತು, ಓದುಗನಿಗೆ ಮಾತ್ರ ಹೇಳುತ್ತಿಲ್ಲ. ಅದೇ 'ನ್ಯೂ ಅವೆಂಜರ್ಸ್'ನಲ್ಲಿ ಬ್ಲ್ಯಾಕ್ ಸ್ವಾನ್ ಎಂಬಾಕೆ ಶುರುವಿನಿಂದಲೂ ರಾಬುಮ್ ಅಲಾಲ್ ಎಂಬ ಹೆಸರನ್ನು ಭಯಭಕ್ತಿಯಿಂದ ಉಚ್ಚರಿಸುತ್ತಾಳೆ. ಅದು ಡಾಕ್ಟರ್ ಡೂಮ್ ಎಂದು ನಮಗೆ ತಿಳಿಯುವುದು 2015ರಲ್ಲಿ, ಎಲ್ಲ ಮುಗಿಯುವ ಹೊತ್ತಿಗೆ. ತಿಳಿದ ಗಳಿಗೆ ರೋಮಾಂಚಕವೇ. ಆದರೆ ಆ ಗಳಿಗೆಗಾಗಿ ನಡುವಿನ ಹಲವು ಸಂಭಾಷಣೆಗಳನ್ನು ಬೇಕೆಂದೇ ಮಂಕಾಗಿಸಬೇಕಾಯಿತು. ಮಾತಾಡುವವರು ತಮ್ಮ ತಮ್ಮಲ್ಲೇ ಸೂಚ್ಯವಾಗಿ ಮಾತಾಡುವುದು ಅವರ ಅಗತ್ಯಕ್ಕಲ್ಲ, ಕೇಳಿಸಿಕೊಳ್ಳುತ್ತಿರುವ ನಮ್ಮಿಂದ ಮುಚ್ಚಿಡಲು.

ಒಂದೇ ಕತೆಯಲ್ಲಿ ಮೊದಲನೆಯ ಬಗೆಯೂ ಮೂರನೆಯ ಬಗೆಯೂ ಇವೆ, ಮೊದಲನೆಯದು ಕತೆಯ ಶ್ರೇಷ್ಠ ಭಾಗ, ಮೂರನೆಯದು ದುರ್ಬಲ ಭಾಗ ಎಂದು ನಾನು ತಿಳಿದಿದ್ದೇನೆ. 'ನಿಧಾನ ಸರಿ' ಅಥವಾ 'ನಿಧಾನ ತಪ್ಪು' ಎಂಬ ಯಾವ ಸೂತ್ರವೂ ಈ ವ್ಯತ್ಯಾಸವನ್ನು ಹಿಡಿಯಲಾರದು.

ಇನ್ನು ವಾದದ ಹೃದಯಕ್ಕೆ ಬರೋಣ: ಮುಗಿದ ಮೇಲೆ ತೀರ್ಪು ಕೊಡಿ ಎನ್ನುವ ಮಾತು. ಇದು ಸಾಲಕ್ಕೆ ಸರಕು ತಂದವನು ಹಬ್ಬದ ನಂತರ ಚುಕ್ತಾ ಮಾಡುತ್ತೇನೆ ಎಂದ ಹಾಗೆ. ಹಬ್ಬದ ದಿನ ಪಂಚಾಂಗದಲ್ಲಿದ್ದರೆ ಅಂಗಡಿಯವನು ಒಪ್ಪಿಯಾನು. ಚಾರ್ಲ್ಸ್ ಡಿಕೆನ್ಸ್ ತನ್ನ ದೊಡ್ಡ ಕಾದಂಬರಿಗಳಲ್ಲಿ ಹಲವನ್ನು ತಿಂಗಳ ಕಂತುಗಳಲ್ಲಿ ಮಾರಿದ. ಒಂದು ಶಿಲಿಂಗಿಗೆ 32 ಪುಟ, ಹತ್ತೊಂಬತ್ತು ತಿಂಗಳಲ್ಲಿ ಇಪ್ಪತ್ತು ಭಾಗ, ಕೊನೆಯದು ಜೋಡಿ ಸಂಚಿಕೆ. ಕೊಳ್ಳುವವನಿಗೆ ಹೆಚ್ಚುಕಡಿಮೆ ಯಾವಾಗ ಮುಗಿಯುತ್ತದೆ ಎಂಬುದು ಗೊತ್ತಿತ್ತು, ಒಬ್ಬನೇ ಲೇಖಕ ಮುಗಿಸುತ್ತಾನೆ ಎಂಬುದೂ ಗೊತ್ತಿತ್ತು. ಸೂಪರ್‌ಹೀರೋ ಸರಣಿಯಲ್ಲಿ ಈ ಎರಡರ ಖಾತರಿಯೂ ಇಲ್ಲ, ಏಕೆಂದರೆ ಪಾತ್ರದ ಒಡೆತನ ಲೇಖಕನದಲ್ಲ, ಸಂಸ್ಥೆಯದು. 1983ರ 'ಅಮೇಜಿಂಗ್ ಸ್ಪೈಡರ್‌ಮ್ಯಾನ್' 238ನೇ ಸಂಚಿಕೆಯಲ್ಲಿ ರೋಜರ್ ಸ್ಟರ್ನ್ ಹಾಬ್‌ಗಾಬ್ಲಿನ್ ಎಂಬ ಖಳನನ್ನು ತಂದ. ಮುಖವಾಡದ ಹಿಂದೆ ಯಾರು ಎಂಬುದೇ ಕತೆಯ ಒಗಟು. ಉತ್ತರ ಹೇಳುವ ಮೊದಲೇ ಸ್ಟರ್ನ್ ಸರಣಿ ಬಿಟ್ಟ. ಬೇರೆಯವರು ಒಗಟನ್ನು ಹೊತ್ತು ತಿರುಗಿದರು. 1987ರ 289ನೇ ಸಂಚಿಕೆಯಲ್ಲಿ ಅವನು ನೆಡ್ ಲೀಡ್ಸ್ ಎಂದು ಹೇಳಲಾಯಿತು, ಅದೂ ಬೇರೊಂದು ಪುಸ್ತಕದಲ್ಲಿ ಆ ಲೀಡ್ಸ್ ಆಗಲೇ ಸತ್ತುಹೋದ ಮೇಲೆ. ಕಡೆಗೆ 1997ರಲ್ಲಿ ಸ್ಟರ್ನ್ ಮರಳಿ ಬಂದು, ಮೂರು ಸಂಚಿಕೆಗಳ ಕಿರುಸರಣಿಯಲ್ಲಿ, ಅಸಲು ಹಾಬ್‌ಗಾಬ್ಲಿನ್ ರಾಡರಿಕ್ ಕಿಂಗ್ಸ್‌ಲಿ ಎಂದು ಬರೆದ. ಹದಿನಾಲ್ಕು ವರ್ಷ! 1983ರಲ್ಲಿ ಹತ್ತರ ಹುಡುಗನಾಗಿದ್ದ ಓದುಗನಿಗೆ ಆಗ ಇಪ್ಪತ್ತನಾಲ್ಕು. ಅವನಿಗೆ ಮುಗಿದ ಮೇಲೆ ತೀರ್ಪು ಕೊಡು ಎಂದವರು ಯಾವ ಮುಗಿತಾಯವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು?

ಹಿಕ್‌ಮನ್ ತನ್ನ ಅವೆಂಜರ್ಸ್ ಕತೆಯನ್ನು ತಾನೇ ಮುಗಿಸಿದ, ಆ ಮಟ್ಟಿಗೆ ಅವನು ಮಾತು ಉಳಿಸಿಕೊಂಡ. ಆದರೆ ಅಲ್ಲಿಯೂ ಏನಾಯಿತು ನೋಡಿ. 'ಸೀಕ್ರೆಟ್ ವಾರ್ಸ್' ಎಂಟು ಸಂಚಿಕೆ ಎಂದು ಹೊರಟು ಒಂಬತ್ತಾಯಿತು, ತಡವಾಗಿ ಕೊನೆಯದು ಬಂದದ್ದು 2016ರ ಜನವರಿಯಲ್ಲಿ. ಅಷ್ಟರಲ್ಲಿ, 2015ರ ಅಕ್ಟೋಬರ್‌ನಿಂದಲೇ, ಮಾರ್ವೆಲ್ ತನ್ನ ಹೊಸ ಸರಣಿಗಳ ಮೊದಲ ಸಂಚಿಕೆಗಳನ್ನು ಅಂಗಡಿಗೆ ಕಳಿಸತೊಡಗಿತ್ತು. ಅವುಗಳಲ್ಲಿ ಲೋಕ ಉಳಿದುಕೊಂಡು ಸುಖವಾಗಿ ನಡೆಯುತ್ತಿತ್ತು. ಲೋಕ ಉಳಿಯುತ್ತದೆಯೇ ಎಂಬುದು ಮೂರು ವರ್ಷದ ಪೀಠಿಕೆಯ ಪ್ರಶ್ನೆಯಾಗಿದ್ದರೆ, ಅದರ ಉತ್ತರವನ್ನು ಪ್ರಕಾಶಕರೇ ಕೊನೆಗೆ ಮುಂಚೆ ಮಾರಿಬಿಟ್ಟರು. ಇಂದು ಸಂಪುಟ ಓದುವವನಿಗೆ ಈ ಅನುಭವವಾಗುವುದಿಲ್ಲ. ಅವನ ಮೆಚ್ಚುಗೆ ಪ್ರಾಮಾಣಿಕವೇ, ಆದರೆ ಅದು ತಿಂಗಳ ಓದುಗನ ದೂರಿಗೆ ಉತ್ತರವಾಗದು; ಇಬ್ಬರು ಓದಿದ್ದು ಒಂದೇ ಕತೆಯಾದರೂ ಕೊಂಡದ್ದು ಬೇರೆ ಬೇರೆ ವಸ್ತು. ಈ ಮಾತು ನಮ್ಮಲ್ಲಿ ವಿಶೇಷವಾಗಿ ಅನ್ವಯಿಸುತ್ತದೆ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಪುಸ್ತಕದಂಗಡಿಗಳಲ್ಲೋ ಫೋನಿನ ಪರದೆಯ ಮೇಲೋ ಈ ಕತೆಗಳನ್ನು ಓದುವ ನಮ್ಮಲ್ಲಿ ಬಹುಪಾಲು ಜನಕ್ಕೆ ಅವು ಸಿಗುವುದೇ ಮುಗಿದ ರೂಪದಲ್ಲಿ. ಅಲ್ಲಿ ಕಾದವರು ಯಾರೋ, ಇಲ್ಲಿ ತಾಳ್ಮೆಯ ಪಾಠ ಹೇಳುವವರು ನಾವು.

ಹಾಗಾದರೆ ಎಲ್ಲರೂ ಸಂಪುಟಕ್ಕಾಗಿ ಕಾಯಲಿ ಎಂದು ಹೇಳಬಹುದು. ಇದು ಮೇಲ್ನೋಟಕ್ಕೆ ಸುಲಭದ ಪರಿಹಾರ, ಒಳಗೆ ಸ್ವವಿರೋಧ. ಅಮೆರಿಕದ ಕಾಮಿಕ್ಸ್ ಅಂಗಡಿಗಳು ಎರಡು ಮೂರು ತಿಂಗಳು ಮುಂಚೆಯೇ, ಸಂಚಿಕೆಯನ್ನು ನೋಡದೆ, ಇಷ್ಟು ಪ್ರತಿ ಬೇಕು ಎಂದು ಬರೆದುಕೊಡಬೇಕು. ಮಾರಾಟವಾಗದೆ ಉಳಿದದ್ದನ್ನು ಸಾಮಾನ್ಯವಾಗಿ ಹಿಂದಿರುಗಿಸುವಂತಿಲ್ಲ. ತಿಂಗಳ ಮಾರಾಟ ಇಳಿದರೆ ಅಂಗಡಿಯವನು ಮುಂದಿನ ಬೇಡಿಕೆ ಇಳಿಸುತ್ತಾನೆ, ಅದು ಇನ್ನೂ ಇಳಿದರೆ ಸಂಸ್ಥೆ ಸರಣಿಯನ್ನೇ ನಿಲ್ಲಿಸುತ್ತದೆ. ಎಲ್ಲರೂ ಸಂಪುಟಕ್ಕೆ ಕಾದರೆ ಸಂಪುಟ ಮಾಡಲು ಕತೆಯೇ ಉಳಿಯದು. ಸಂಚಿಕೆಗೆ 3.99 ಡಾಲರ್‌ನಂತೆ ಲೆಕ್ಕ ಹಾಕಿದರೂ ಹಿಕ್‌ಮನ್‌ನ ಎರಡು ಸರಣಿಗಳ 77 ಸಂಚಿಕೆಗೆ 300 ಡಾಲರ್ ದಾಟುತ್ತದೆ, ಯುದ್ಧವೂ ಸಮಾಪ್ತಿಯೂ ಬೇರೆ. ಈ ದುಡ್ಡು ಸುರಿದು ಕತೆಯನ್ನು ಬದುಕಿಸಿದವನಿಗೇ ನೀನು ಓದುವ ಕ್ರಮ ತಪ್ಪು ಎನ್ನುವುದರಲ್ಲಿ ಕೃತಘ್ನತೆಯೂ ಇದೆ, ಮುಖ್ಯವಾಗಿ ತರ್ಕದೋಷವಿದೆ.

ಧಾರಾವಾಹಿ ಎಂದರೇ ಕಾಯಿಸುವುದು, 'ಸುಧಾ', 'ತರಂಗ'ಗಳಲ್ಲಿ ಕಾದಂಬರಿ ಓದಿದವರು ಕಾಯಲಿಲ್ಲವೇ ಎಂಬ ಆಕ್ಷೇಪವೂ ಬರಬಹುದು. ಕಾದರು. ಆದರೆ ವಾರಪತ್ರಿಕೆಯಲ್ಲಿ ಧಾರಾವಾಹಿ ಹಲವು ಸರಕುಗಳಲ್ಲಿ ಒಂದು. ಈ ವಾರದ ಕಂತಿನಲ್ಲಿ ನಾಯಕಿ ಕಿಟಕಿಯಾಚೆ ನೋಡುತ್ತಾ ಕೂತದ್ದಷ್ಟೇ ಆದರೂ ಸಣ್ಣಕತೆ, ಲೇಖನ, ಪದಬಂಧ, ನಗೆಹನಿ ಇದ್ದವು. ಒಂದು ಕಂತಿನ ನಿಧಾನವನ್ನು ಇಡೀ ಪತ್ರಿಕೆ ಹೊರುತ್ತಿತ್ತು. ಜಪಾನಿನಲ್ಲಿ 1968ರಿಂದ ಬರುತ್ತಿರುವ 'ಶೋನೆನ್ ಜಂಪ್' ಪತ್ರಿಕೆಯ ವ್ಯವಸ್ಥೆಯೂ ಇದೇ: ಒಂದೇ ಸಂಚಿಕೆಯಲ್ಲಿ ಹತ್ತಾರು ಕತೆಗಳ ಕಂತು. ಅಲ್ಲಿ 'ಒನ್ ಪೀಸ್' 1997ರಿಂದ ನಡೆಯುತ್ತಿದ್ದರೂ ಒಂದು ವಾರದ ಸಪ್ಪೆ ಕಂತು ಓದುಗನ ಕೈ ಬರಿದು ಮಾಡುವುದಿಲ್ಲ. ಅಮೆರಿಕದ ತಿಂಗಳ ಕಾಮಿಕ್ಸ್‌ನಲ್ಲಿ ಕಂತೇ ಪತ್ರಿಕೆ. ಅದು ಸಪ್ಪೆಯಾದರೆ ಪಕ್ಕದಲ್ಲಿ ಬೇರೇನೂ ಇಲ್ಲ, ಜಾಹೀರಾತು ಬಿಟ್ಟು. ಆದ್ದರಿಂದ ಬೇರೆ ಧಾರಾವಾಹಿಗಳ ನಿಧಾನವನ್ನು ತೋರಿಸಿ ಇದರ ನಿಧಾನವನ್ನು ಸಮರ್ಥಿಸಲಾಗದು.

ನನ್ನ ವಾದಕ್ಕೆ ನಿಜವಾಗಿ ಕಷ್ಟ ಕೊಡುವ ಆಕ್ಷೇಪ ಬೇರೆಯೇ ಇದೆ. ಸೂಪರ್‌ಹೀರೋ ಲೋಕದಲ್ಲಿ ಯಾವ ಘಟನೆಯೂ ಶಾಶ್ವತವಲ್ಲ. ಸತ್ತವರು ಮರಳುತ್ತಾರೆ, ಸುಟ್ಟ ಊರು ಮರುವರ್ಷ ನಳನಳಿಸುತ್ತದೆ. ಪರಿಣಾಮ ನಿಲ್ಲದ ಕಡೆ ಘಟನೆಗೆ ತೂಕ ಬರುವುದು ಅದರ ನಂತರದಿಂದಲ್ಲ, ಅದರ ಮುಂಚಿನಿಂದ ಮಾತ್ರ. ಆದ್ದರಿಂದ ಈ ಪ್ರಕಾರಕ್ಕೆ ದೀರ್ಘ ಪೀಠಿಕೆ ಅಲಂಕಾರವಲ್ಲ, ಅನಿವಾರ್ಯ. ಇದನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಇನ್ನೊಂದು ಭೂಮಿಯನ್ನು ನೇಮರ್ ಕಡೆಗೂ ನಾಶಮಾಡುವ ಗಳಿಗೆ ಮನಸ್ಸನ್ನು ಹಿಂಡುವುದು, ಅದಕ್ಕೆ ಹಿಂದಿನ ಇಪ್ಪತ್ತು ಸಂಚಿಕೆಗಳ ಉದ್ದಕ್ಕೂ ಆ ಗುಂಪಿನವರ ಕೈಗಳು ತಡೆದು ನಿಂತದ್ದನ್ನು ಕಂಡದ್ದರಿಂದ. ಆದರೆ ಒಪ್ಪಿಕೊಂಡ ಮೇಲೆ ಏನು ಸಿದ್ಧವಾಯಿತು? ಪೀಠಿಕೆಯೇ ಈ ಪ್ರಕಾರದ ಸಾರ, ಕೊನೆ ಬರೀ ನೆಪ ಎಂದಾಯಿತು. ಹಾಗಿದ್ದರೆ 'ಕೊನೆಗಾಗಿ ಕಾಯಿರಿ' ಎನ್ನುವ ಸಮಾಧಾನ ಇನ್ನಷ್ಟು ಅಸಂಗತ. ಸಾರ ನಡುವಿನ ಕಂತುಗಳಲ್ಲೇ ಇದೆ ಎಂದಾದರೆ, ಒಂದು ಕಂತಿನಲ್ಲಿ ಏನೂ ಸಿಗಲಿಲ್ಲ ಎಂಬ ದೂರು ಕತೆಯ ಮುಖ್ಯ ಭಾಗದ ಬಗೆಗಿನ ದೂರಾಗುತ್ತದೆ.

ಗೊಣಗುವವರ ಕಡೆಯೂ ಗೊಂದಲವಿಲ್ಲದಿಲ್ಲ. ಅವರು ಹಲವು ಸಲ ಗುದ್ದಾಟಗಳನ್ನು ಎಣಿಸಿ ಕತೆ ನಿಂತಿದೆ ಎನ್ನುತ್ತಾರೆ. 2024ರ ಜನವರಿಯಲ್ಲಿ ಹಿಕ್‌ಮನ್ ಮತ್ತು ಚಿತ್ರಕಾರ ಮಾರ್ಕೊ ಕೆಕ್ಕೆಟ್ಟೊ ಹೊಸ 'ಅಲ್ಟಿಮೇಟ್ ಸ್ಪೈಡರ್‌ಮ್ಯಾನ್' ಶುರುಮಾಡಿದಾಗ ಈ ತಪ್ಪೆಣಿಕೆ ಮತ್ತೆ ಕೇಳಿಬಂತು. ಇಲ್ಲಿ ಪೀಟರ್ ಪಾರ್ಕರ್‌ಗೆ ಮದುವೆಯಾಗಿದೆ, ಇಬ್ಬರು ಮಕ್ಕಳಿದ್ದಾರೆ, ಜೇಡದ ಶಕ್ತಿ ಬರುವುದು ನಡುವಯಸ್ಸಿನ ಹೊಸ್ತಿಲಲ್ಲಿ. ಸಂಚಿಕೆಗೆ ಒಂದು ತಿಂಗಳಾದರೆ ಕತೆಯೊಳಗೂ ಒಂದು ತಿಂಗಳು ಕಳೆಯುತ್ತದೆ. ನಾಲ್ಕನೆಯ ಸಂಚಿಕೆಯ ಬಹುಭಾಗ ಎರಡು ಜೋಡಿ ದಂಪತಿಗಳು ಊಟದ ಮೇಜಿನ ಸುತ್ತ ಕೂತು ಮಾತಾಡುವುದರಲ್ಲೇ ಮುಗಿಯುತ್ತದೆ. ನಾನು ಮೇಲೆ ಹೇಳಿದ ಅಳತೆಗಳಿಂದ ನೋಡಿದರೆ ಈ ಸಂಚಿಕೆಯ ಮೇಲೆ ನನ್ನ ತಕರಾರಿಲ್ಲ: ಒಂದು ಸಂಜೆ ಶುರುವಾಗಿ ಮುಗಿಯುತ್ತದೆ, ಮುಖವಾಡ ತೊಡುವ ಇಬ್ಬರು ಗಂಡಸರ ಸಂಬಂಧ ಅಲ್ಲಿ ನಮಗೆ ಸ್ಪಷ್ಟವಾಗುತ್ತದೆ. ಅದೇ ಸರಣಿಯಲ್ಲಿ ಮುಂದೆ, ಕಿಂಗ್‌ಪಿನ್ ಮತ್ತವನ ಸಹಚರರ ಸುತ್ತ ಮಾತು ಸುತ್ತಿಕೊಂಡು ಹೋಗುವಾಗ, ಸೂಚನೆಗಳೇ ಪುಟ ತುಂಬಿ ಆ ತಿಂಗಳದ್ದೆಂದು ಹೇಳಬಹುದಾದ ಕತೆ ತೆಳುವಾಗುವ ಸಂಚಿಕೆಗಳು ಇವೆ. ಅವುಗಳ ಮೇಲೆ ತಕರಾರಿದೆ. ಗುದ್ದಾಟ ಎಣಿಸುವವನಿಗೆ ಇವೆರಡೂ ಒಂದೇ ಬಗೆಯ ನಿಧಾನ. ತಾಳ್ಮೆ ಬೋಧಿಸುವವನಿಗೂ ಹಾಗೆಯೇ.